ಟಾರ್ಗೆಟ್‌ಸಿಎಲ್‌ಐ ಸಂರಚನೆಯ ಉಳಿಕೆ

ಟಾರ್ಗೆಟ್‌ಸಿಎಲ್‌ಐ ಎಂಬುದು ಲಿನಕ್ಸ್ ಸರ್ವರಿನ ಡಿಸ್ಕುಗಳನ್ನು ಜಾಲದ ಮೂಲಕ ಇತರ ಗಣಕಗಳಿಗೆ ಒದಗಿಸಲು ಬಳಸುವ ಆಜ್ಞಾಸಾಲಿನ ಉಪಕರಣವಾಗಿದೆ. ಡಿಸ್ಕನ್ನು ಒದಗಿಸುವ ಕಡೆಗೆ ಟಾರ್ಗೆಟ್ ಎಂದೂ, ಅದನ್ನು ಪಡೆದು ಬಳಸುವ ಕಡೆಗೆ ಇನಿಶಿಯೇಟರ್ ಎಂದೂ ಹೆಸರು. ಈ ಉಪಕರಣದಿಂದ ಮಾಡಿದ ಬದಲಾವಣೆಗಳು ಆ ಕ್ಷಣದಲ್ಲೇ ಜಾರಿಗೆ ಬರುತ್ತವೆ. ಆದರೆ ಅವುಗಳನ್ನು ಕಡತಕ್ಕೆ ಬರೆದು, ಸರ್ವರ್ ಆರಂಭವಾಗುವಾಗ ಮತ್ತೆ ಓದಿಸುವ ಏರ್ಪಾಡು ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ಅವು ಅಳಿದುಹೋಗುತ್ತವೆ.

ಹಿನ್ನೆಲೆ

ಸ್ಕಸಿ ಆಜ್ಞೆಗಳನ್ನು ಐಪಿ ಜಾಲದ ಮೇಲೆ ಸಾಗಿಸುವ ಐಸ್ಕಸಿ ಶಿಷ್ಟಾಚಾರವನ್ನು 2004ರಲ್ಲಿ ಆರ್‌ಎಫ್‌ಸಿ 3720 ಎಂಬ ದಾಖಲೆಯು ನಿರೂಪಿಸಿತು. 2014ರ ಆರ್‌ಎಫ್‌ಸಿ 7143 ಅದನ್ನು ಪರಿಷ್ಕರಿಸಿತು. ಇದರ ರೂಢಿಯ ಪೋರ್ಟ್ ಸಂಖ್ಯೆ 3260. ಲಿನಕ್ಸ್ ಕರ್ನಲ್‌ನ ಒಳಗೆ ಟಾರ್ಗೆಟ್ ಕೆಲಸವನ್ನು ನಿರ್ವಹಿಸುವ ಎಲ್‌ಐಒ ಎಂಬ ಭಾಗವು 2011ರಲ್ಲಿ 2.6.38ನೇ ಆವೃತ್ತಿಯೊಂದಿಗೆ ಸೇರ್ಪಡೆಯಾಯಿತು. ಪೈಥಾನ್ ಭಾಷೆಯಲ್ಲಿ ಬರೆದಿರುವ ಟಾರ್ಗೆಟ್‌ಸಿಎಲ್‌ಐ ಈ ಎಲ್‌ಐಒ ಭಾಗವನ್ನು ನಿಯಂತ್ರಿಸುತ್ತದೆ.

ಸಂರಚನೆ ಅಳಿಯಲು ಕಾರಣ

ಎಲ್‌ಐಒ ತನ್ನ ಸಂರಚನೆಯನ್ನು ಕಾನ್ಫಿಗ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ಮೂಲಕ ತೋರಿಸುತ್ತದೆ. ನೋಡಲು ಇದು ಡೈರೆಕ್ಟರಿಗಳ ಸಾಲಿನಂತಿದ್ದರೂ ಇದರ ಯಾವ ಭಾಗವೂ ಡಿಸ್ಕಿನ ಮೇಲಿರುವುದಿಲ್ಲ. ಎಲ್ಲವೂ ಕರ್ನಲ್‌ನ ಮೆಮೊರಿಯಲ್ಲಿರುತ್ತದೆ. ಆದ್ದರಿಂದ ವಿದ್ಯುತ್ ಹೋದಾಗ ಡಿಸ್ಕಿನಲ್ಲಿರುವ ದತ್ತಾಂಶ ಹಾಗೆಯೇ ಉಳಿದರೂ, ಯಾವ ಡಿಸ್ಕನ್ನು ಯಾವ ಹೆಸರಿನಲ್ಲಿ ಯಾರಿಗೆ ಒದಗಿಸಬೇಕು ಎಂಬ ಮಾಹಿತಿ ಇಲ್ಲವಾಗುತ್ತದೆ.

ಮಂಗಳೂರಿನ ಬಲ್ಮಠದಲ್ಲಿ ಕಾಲೇಜೊಂದರ ಪ್ರಯೋಗಾಲಯವಿದೆಯೆಂದೂ, ಅಲ್ಲಿನ ವರ್ಚುವಲ್ ಯಂತ್ರಗಳ ಡಿಸ್ಕುಗಳು ಇಂತಹ ಒಂದು ಸರ್ವರಿನಲ್ಲಿವೆಯೆಂದೂ ಭಾವಿಸೋಣ. ಬೇಸಿಗೆಯಲ್ಲಿ ಸೇರಿಸಿದ ಹೊಸ ಡಿಸ್ಕು ವಾರಗಟ್ಟಲೆ ಸರಿಯಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಒಂದು ರಾತ್ರಿ ವಿದ್ಯುತ್ ಹೋಗಿ, ಯುಪಿಎಸ್‌ನ ಬ್ಯಾಟರಿಯೂ ಬರಿದಾಗಿ ಸರ್ವರ್ ಮರು ಆರಂಭಗೊಂಡರೆ, ಉಳಿಸದೆ ಬಿಟ್ಟಿದ್ದ ಡಿಸ್ಕು ಬೆಳಿಗ್ಗೆ ಯಾವ ಯಂತ್ರಕ್ಕೂ ಕಾಣಿಸುವುದಿಲ್ಲ. ತಪ್ಪು ನಡೆದ ದಿನಕ್ಕೂ ಅದು ಬೆಳಕಿಗೆ ಬರುವ ದಿನಕ್ಕೂ ಅಂತರವಿರುವುದೇ ಈ ದೋಷವನ್ನು ಗುರುತಿಸಲು ಇರುವ ಮುಖ್ಯ ತೊಡಕು.

ಉಳಿಸುವ ವಿಧಾನ

ಸೇವ್‌ಕಾನ್ಫಿಗ್ ಎಂಬ ಆಜ್ಞೆಯು ಚಾಲ್ತಿಯಲ್ಲಿರುವ ಸಂರಚನೆಯನ್ನು ಜೇಸನ್ ರೂಪದಲ್ಲಿ ಕಡತಕ್ಕೆ ಬರೆಯುತ್ತದೆ. ರೆಡ್ ಹ್ಯಾಟ್ ವರ್ಗದ ವ್ಯವಸ್ಥೆಗಳಲ್ಲಿ ಈ ಕಡತವು ಇಟಿಸಿ ಡೈರೆಕ್ಟರಿಯ ಒಳಗಿನ ಟಾರ್ಗೆಟ್ ಡೈರೆಕ್ಟರಿಯಲ್ಲಿರುತ್ತದೆ. ಡೆಬಿಯನ್ ವರ್ಗದಲ್ಲಿ ಕಡತದ ಸ್ಥಳವೂ ಸೇವೆಯ ಹೆಸರೂ ಬೇರೆ.

ಉಪಕರಣವನ್ನು ತೆರೆದು, ಅದರೊಳಗೆ ಆಜ್ಞೆಗಳನ್ನು ನೀಡಿ, ಎಕ್ಸಿಟ್ ಎಂದು ಹೊರಬಂದರೆ ಸಂರಚನೆಯು ತಾನಾಗಿ ಉಳಿಯುತ್ತದೆ. ಇದಕ್ಕೆ ಆಟೋ ಸೇವ್ ಆನ್ ಎಕ್ಸಿಟ್ ಎಂಬ ಆಯ್ಕೆಯು ಮೊದಲೇ ಸಕ್ರಿಯವಾಗಿರುವುದು ಕಾರಣ. ಆದರೆ ಶೆಲ್‌ನಿಂದಲೇ ಒಂದೇ ಸಾಲಿನಲ್ಲಿ ಆಜ್ಞೆ ನೀಡಿದಾಗ ಅಥವಾ ಸ್ಕ್ರಿಪ್ಟಿನ ಮೂಲಕ ಓಡಿಸಿದಾಗ ಈ ಸೌಲಭ್ಯವನ್ನು ನಂಬುವಂತಿಲ್ಲ. ಅಂತಹ ಸಂದರ್ಭದಲ್ಲಿ ಕೊನೆಯ ಆಜ್ಞೆಯಾಗಿ ಸೇವ್‌ಕಾನ್ಫಿಗ್ ಅನ್ನು ಪ್ರತ್ಯೇಕವಾಗಿ ನೀಡಬೇಕು.

ಬೂಟ್ ಸಮಯದ ಮರುಸ್ಥಾಪನೆ

ಕಡತಕ್ಕೆ ಬರೆದರಷ್ಟೇ ಸಾಲದು. ಅದನ್ನು ಓದಿ ಕರ್ನಲ್‌ಗೆ ಮರಳಿ ತುಂಬುವ ಸೇವೆಯೂ ಬೇಕು. ರೆಡ್ ಹ್ಯಾಟ್ ವರ್ಗದಲ್ಲಿ ಟಾರ್ಗೆಟ್ ಎಂಬ ಸಿಸ್ಟಮ್‌ಡಿ ಸೇವೆಯು ಈ ಕೆಲಸ ಮಾಡುತ್ತದೆ. ಸಿಸ್ಟಮ್‌ಸಿಟಿಎಲ್ ಆಜ್ಞೆಯ ಎನೇಬಲ್ ಆಯ್ಕೆಯಿಂದ ಇದನ್ನು ಒಮ್ಮೆ ಸಕ್ರಿಯಗೊಳಿಸಿದರೆ ಪ್ರತಿ ಬೂಟ್‌ನಲ್ಲೂ ಅದು ನಡೆಯುತ್ತದೆ. ಈ ಸೇವೆಯನ್ನು ನಿಲ್ಲಿಸಿದಾಗ ಕರ್ನಲ್‌ನಲ್ಲಿರುವ ಸಂರಚನೆಯು ತೆರವಾಗುತ್ತದೆ, ಆದರೆ ಕಡತಕ್ಕೆ ಉಳಿಯುವುದಿಲ್ಲ. ಆದುದರಿಂದ ಉಳಿಸದ ಬದಲಾವಣೆಗಳಿರುವಾಗ ಸೇವೆಯನ್ನು ಮರು ಆರಂಭಿಸಿದರೂ ಅವು ನಷ್ಟವಾಗುತ್ತವೆ.

ಸಾಮಾನ್ಯ ದೋಷಗಳು

* ಡಿಸ್ಕಿನ ಹೆಸರು: ಎಸ್‌ಡಿಬಿ, ಎಸ್‌ಡಿಸಿ ಮುಂತಾದ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗಬಹುದು. ಡಿಸ್ಕಿನ ಸ್ಥಿರ ಗುರುತನ್ನಾಗಲಿ ಎಲ್‌ವಿಎಂ ವಾಲ್ಯೂಮಿನ ಹೆಸರನ್ನಾಗಲಿ ಬಳಸುವುದು ಕ್ಷೇಮ.
* ಅಪೂರ್ಣ ಸಂರಚನೆ: ಬೂಟ್ ವೇಳೆಗೆ ಒಂದು ಡಿಸ್ಕು ಸಿದ್ಧವಾಗಿರದಿದ್ದರೆ ಅದನ್ನು ಬಿಟ್ಟು ಉಳಿದವು ಮಾತ್ರ ಮರಳುತ್ತವೆ. ಆಗ ಪರಿಶೀಲಿಸದೆ ಸೇವ್‌ಕಾನ್ಫಿಗ್ ನೀಡಿದರೆ ಸರಿಯಾದ ಕಡತದ ಮೇಲೆ ಅಪೂರ್ಣವಾದುದು ಬರೆಯಲ್ಪಡುತ್ತದೆ. ಬ್ಯಾಕಪ್ ಡೈರೆಕ್ಟರಿಯಲ್ಲಿ ರೂಢಿಯಂತೆ ಹಿಂದಿನ 10 ಪ್ರತಿಗಳು ಇರುತ್ತವೆ. ರಿಸ್ಟೋರ್‌ಕಾನ್ಫಿಗ್ ಆಜ್ಞೆಯಿಂದ ಅವುಗಳನ್ನು ಮರಳಿ ಪಡೆಯಬಹುದು.
* ಹೊಸ ಗುರುತು: ಕಳೆದುಹೋದ ಸಂರಚನೆಯನ್ನು ಕೈಯಿಂದ ಮತ್ತೆ ರಚಿಸಿದರೆ ಡಿಸ್ಕಿಗೆ ಹೊಸ ಕ್ರಮಸಂಖ್ಯೆ ಬರುತ್ತದೆ. ದತ್ತಾಂಶ ಹಳೆಯದೇ ಆಗಿದ್ದರೂ ಇನಿಶಿಯೇಟರ್ ಅದನ್ನು ಬೇರೆ ಡಿಸ್ಕು ಎಂದು ಪರಿಗಣಿಸಬಹುದು.
* ಫೈರ್‌ವಾಲ್: 3260ನೇ ಪೋರ್ಟನ್ನು ತೆರೆಯುವ ನಿಯಮವನ್ನೂ ಶಾಶ್ವತವಾಗಿ ದಾಖಲಿಸದಿದ್ದರೆ, ಟಾರ್ಗೆಟ್ ಸರಿಯಾಗಿದ್ದರೂ ಸಂಪರ್ಕ ಸಿಗುವುದಿಲ್ಲ.

ಸುರಕ್ಷತೆ ಮತ್ತು ಪರಿಶೀಲನೆ

ಉಳಿಸಿದ ಕಡತದಲ್ಲಿ ಚಾಪ್ ದೃಢೀಕರಣದ ಗುಪ್ತಪದಗಳು ಗೂಢಲಿಪಿಯಲ್ಲಿರದೆ ನೇರವಾಗಿ ಓದುವಂತಿರುತ್ತವೆ. ಆದ್ದರಿಂದ ಅದನ್ನು ಓದುವ ಅಧಿಕಾರ ರೂಟ್ ಬಳಕೆದಾರನಿಗೆ ಮಾತ್ರ ಇರಬೇಕು. ಕಡತದ ಒಂದು ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಇಡುವುದಾದರೆ ಅಲ್ಲಿಯೂ ಇದೇ ಎಚ್ಚರ ಅಗತ್ಯ.

ಸಂರಚನೆ ನಿಜವಾಗಿ ಉಳಿದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು, ಇನಿಶಿಯೇಟರ್‌ಗಳ ಸಂಪರ್ಕ ಕಡಿದು, ಬಿಡುವಿನ ವೇಳೆಯಲ್ಲಿ ಸರ್ವರನ್ನು ಮರು ಆರಂಭಿಸಿ, ಎಲ್‌ಎಸ್ ಆಜ್ಞೆಯ ಫಲಿತಾಂಶವನ್ನು ಹಿಂದಿನದರೊಂದಿಗೆ ಹೋಲಿಸಬೇಕು.

ಇತರ ಉಪಕರಣಗಳು

ಇದೇ ಸಮಸ್ಯೆ ಇತರ ಟಾರ್ಗೆಟ್ ತಂತ್ರಾಂಶಗಳಲ್ಲೂ ಇದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಬಳಕೆಯಲ್ಲಿದ್ದ ಟಿಜಿಟಿ ತಂತ್ರಾಂಶದಲ್ಲಿ ಟಿಜಿಟಿ‌ಎಡಿಎಂ ಆಜ್ಞೆಯ ಬದಲಾವಣೆಗಳು ಮೆಮೊರಿಯಲ್ಲಷ್ಟೇ ಇರುತ್ತವೆ. ಟಿಜಿಟಿ-ಅಡ್ಮಿನ್ ಆಜ್ಞೆಯ ಡಂಪ್ ಆಯ್ಕೆಯಿಂದ ಅವುಗಳನ್ನು ಪಠ್ಯರೂಪದಲ್ಲಿ ಪಡೆದು ಸಂರಚನಾ ಕಡತಕ್ಕೆ ಸೇರಿಸಬೇಕಾಗುತ್ತದೆ. ಇದೇ ವ್ಯವಸ್ಥೆಯ 7ನೇ ಆವೃತ್ತಿಯಿಂದ ಟಾರ್ಗೆಟ್‌ಸಿಎಲ್‌ಐ ಆ ಸ್ಥಾನವನ್ನು ಪಡೆಯಿತು.