ಹಾಡುವವರ ಕೈಗೆ ಬಂದ ನಿಸ್ತಂತು ಮೈಕ್

ನಾಟಕಶಾಲೆಗಳಿಗೆ ಧ್ವನಿವರ್ಧಕವು ಬರುವುದಕ್ಕೆ ಮುಂಚೆ ನಮ್ಮ ಕಂಪೆನಿ ನಾಟಕಗಳ ನಟರು, ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ರಂಗಗೀತೆಯ ಒಂದೊಂದು ಅಕ್ಷರವೂ ಮುಟ್ಟುವಂತೆ, ಸ್ವಂತ ಕಂಠಬಲದಿಂದಲೇ ಹಾಡುತ್ತಿದ್ದರು. ಅವರ ಸ್ವರಕ್ಕೆ ಮಿತಿಯಿದ್ದರೂ ಕಾಲಿಗೆ ಕಟ್ಟಿರಲಿಲ್ಲ. ಮೈಕ್ ಬಂದೊಡನೆ ಈ ಸ್ಥಿತಿ ತಿರುವುಮುರುವಾಯಿತು. ಮೆಲುದನಿಯೂ ಬಯಲಿನ ಅಂಚಿನವರೆಗೆ ಸಾಗುವಂತಾಯಿತು. ಆದರೆ ನುಡಿಯಬೇಕಾದವನು ಮೈಕ್ ಇದ್ದಲ್ಲಿಗೇ ಬಂದು ನಿಲ್ಲಬೇಕಾಯಿತು. ಯಕ್ಷಗಾನದಲ್ಲಿ ರಂಗಸ್ಥಳವನ್ನೆಲ್ಲ ಸುತ್ತಿ ಕುಣಿದ ವೇಷಧಾರಿಯು ಮಾತಿಗೆ ತೊಡಗುವಾಗ ಮುಂಭಾಗದ ಮೈಕಿನೆದುರು ಬಂದು ನಿಲ್ಲುವುದನ್ನೂ, ರಸಮಂಜರಿಯ ಗಾಯಕನು ಒಂದು ಕೈಯಲ್ಲಿ ಮೈಕ್ ಹಿಡಿದು ಇನ್ನೊಂದು ಕೈಯಿಂದ ವೈರನ್ನು ಕಾಲಿಗೆ ತೊಡರದಂತೆ ಸರಿಸಿಕೊಳ್ಳುವುದನ್ನೂ ಕಂಡವರು ಈ ಬಂಧನವನ್ನು ಬಲ್ಲರು. ಕಂಠಕ್ಕೆ ಹೊಸದಾಗಿ ದೊರೆತ ವಿಸ್ತಾರವನ್ನು ಕಾಲಿಗೆ ಹಿಂದೆ ಇದ್ದ ಸ್ವಾತಂತ್ರ್ಯದೊಡನೆ ಮತ್ತೆ ಕೂಡಿಸಿದ ಉಪಕರಣವೇ ನಾವು ಕಾರ್ಡ್‌ಲೆಸ್ ಎಂದು ಕರೆಯುವ ನಿಸ್ತಂತು ಮೈಕ್. ಮತ್ತು ಆ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಅದು ಕಲಾವಿದನಿಂದಲೂ ಸಮಾಜದಿಂದಲೂ ಹೊಸದೊಂದು ಶಿಸ್ತನ್ನು ಬೇಡಿತೆಂಬುದು ಅದರ ಚರಿತ್ರೆಯ ತಿರುಳು.

ಈ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೊಂದು ಹಿಮದ ಮೇಲೆ ನಡೆಯಿತು. 1949ರಲ್ಲಿ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಅಲ್ಲಾದ್ದೀನನ ಕಥೆಯನ್ನು ಸ್ಕೇಟಿಂಗ್ ಮಾಡುತ್ತ ಆಡಿ ತೋರಿಸಿದಾಗ, ರೆಜ್ ಮೂರ್ಸ್ ಎಂಬ ಶೋಧಕನು ತಾನೇ ನಿರ್ಮಿಸಿದ ಪುಟ್ಟ ಪ್ರೇಷಕವನ್ನು ಮಾಂತ್ರಿಕನ ಪಾತ್ರಧಾರಿಯ ವೇಷದೊಳಗೆ ಅಡಗಿಸಿದನು. ಜಾರುತ್ತ ಸಾಗುವ ನಟನ ಹಿಂದೆ ತಂತಿ ಎಳೆಯುವುದು ಅಸಾಧ್ಯವಾದುದರಿಂದ ಅಗತ್ಯವೇ ಇಲ್ಲಿ ಗುರುವಾಯಿತು. ಆದರೆ ತಾನು ಬಳಸಿದ ರೇಡಿಯೋ ಆವರ್ತನಕ್ಕೆ ಸರಕಾರದ ಅನುಮತಿ ಇಲ್ಲದಿದ್ದುದರಿಂದ ಅವನು ಪೇಟೆಂಟ್ ಕೇಳಲಿಲ್ಲ. 1953ರಲ್ಲಿ ಅಮೆರಿಕದ ಶೂರ್ ಸಂಸ್ಥೆಯು ವ್ಯಾಗಬಾಂಡ್ ಎಂಬ, ಎಂದರೆ ಅಲೆಮಾರಿ ಎಂಬ ಹೆಸರಿನಿಂದ, ರಂಗಪ್ರದರ್ಶಕರಿಗಾಗಿಯೇ ಒಂದು ಕೈಮೈಕನ್ನು ಮಾರುಕಟ್ಟೆಗೆ ತಂದಿತು. ಅದರ ಹಿಡಿಯೊಳಗೆ ಐದು ಕಿರುವಾಲ್ವುಗಳಿದ್ದು, ಕಿವುಡರ ಶ್ರವಣಯಂತ್ರಕ್ಕೆ ಹಾಕುವಂಥ ಬ್ಯಾಟರಿಗಳಿಂದ ಅವು ಬೆಳಗುತ್ತಿದ್ದವು. ವೇದಿಕೆಯ ನೆಲದ ಮೇಲೆ ಸುತ್ತುವರಿಸಿದ ತಾಮ್ರದ ತಂತಿಯೇ ಆಂಟೆನಾ. ಗಾಯಕನಿಗೆ ದೊರೆತ ವಿಹಾರಭೂಮಿ ಸುಮಾರು 700 ಚದರಡಿ; ಆ ವಲಯವನ್ನು ದಾಟಿದರೆ ಅಲೆಮಾರಿಯ ದನಿ ಅಡಗಿಹೋಗುತ್ತಿತ್ತು. 1957ರ ಸುಮಾರಿಗೆ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಅಲ್ಲಿಯ ಆಕಾಶವಾಣಿ ಸಂಸ್ಥೆಯ ಜತೆಗೂಡಿ, 1958ರಲ್ಲಿ ಜಪಾನಿನ ಸೋನಿ ಸಂಸ್ಥೆ, ತಮ್ಮ ತಮ್ಮ ಮಾದರಿಗಳನ್ನು ಹೊರತಂದವು. ಟ್ರಾನ್ಸಿಸ್ಟರು ಬಳಕೆಗೆ ಬಂದಂತೆ ಉಪಕರಣದ ಗಾತ್ರ ಕುಗ್ಗಿ, ಬ್ಯಾಟರಿಯ ಆಯುಸ್ಸು ಹೆಚ್ಚಿತು.

ಗಾತ್ರದ ಸಮಸ್ಯೆ ನೀಗಿದರೂ ಸಂಗೀತಗಾರರ ವಿಶ್ವಾಸ ಗಳಿಸಲು ಇನ್ನೂ ಎರಡು ವಿಘ್ನಗಳು ಉಳಿದಿದ್ದವು. ಪಿಸುಮಾತಿನಿಂದ ತಾರಸ್ಥಾಯಿಯವರೆಗೆ ಕಂಠದ ಏರಿಳಿತ ಎಷ್ಟು ವಿಶಾಲವೋ ಅಷ್ಟನ್ನು ಇಡಿಯಾಗಿ ಹೊರುವ ಶಕ್ತಿ ಆ ರೇಡಿಯೋ ಮಾರ್ಗಕ್ಕಿರಲಿಲ್ಲವಾದ ಕಾರಣ, ಮೆಲುದನಿ ಗೊರಗೊರ ಸದ್ದಿನಲ್ಲಿ ಮುಳುಗುತ್ತಿತ್ತು, ಏರುದನಿ ಒಡೆಯುತ್ತಿತ್ತು. 1976ರ ಸುಮಾರಿನಲ್ಲಿ ಇದಕ್ಕೆ ಪರಿಹಾರ ಬಂದಿತು: ಹತ್ತಿಯನ್ನು ಅಂಡಿಗೆಯಾಗಿ ಒತ್ತಿ ಸಾಗಿಸಿ ಗಿರಣಿಯಲ್ಲಿ ಮತ್ತೆ ಬಿಡಿಸುವಂತೆ, ಮೈಕಿನಲ್ಲೇ ದನಿಯ ಏರಿಳಿತವನ್ನು ಅರ್ಧಕ್ಕೆ ಇಳಿಸಿ ಕಳುಹಿಸುವುದು, ಗ್ರಾಹಕದಲ್ಲಿ ಅದನ್ನು ಎರಡರಷ್ಟು ಹಿಗ್ಗಿಸಿ ಮೊದಲಿನಂತಾಗಿಸುವುದು. ಎರಡನೆಯ ವಿಘ್ನವು ಇನ್ನೂ ಸೂಕ್ಷ್ಮವಾದುದು. 600 ಮೆಗಾಹರ್ಟ್ಸ್ ಆವರ್ತನದಲ್ಲಿ ತರಂಗದ ಉದ್ದ ಅರ್ಧ ಮೀಟರು ಮಾತ್ರ. ನೇರವಾಗಿ ಬಂದ ತರಂಗವೂ ಗೋಡೆಗೆ ಬಡಿದು ಬಂದ ತರಂಗವೂ ಆಂಟೆನಾದಲ್ಲಿ ವಿರುದ್ಧವಾಗಿ ಸಂಧಿಸಿದರೆ ಒಂದನ್ನೊಂದು ಅಳಿಸಿಬಿಡುವುದರಿಂದ, ಗಾಯಕನು ಗೇಣುದ್ದ ಸರಿದ ಮಾತ್ರಕ್ಕೆ ದನಿ ಕಡಿದುಹೋಗಬಹುದು. ಗ್ರಾಹಕಕ್ಕೆ ಎರಡು ಆಂಟೆನಾಗಳನ್ನಿಟ್ಟು, ಒಂದು ಕುರುಡಾದ ಕ್ಷಣದಲ್ಲಿ ಇನ್ನೊಂದು ದನಿಯನ್ನು ಹಿಡಿಯುವಂತೆ ಮಾಡಿದುದರಿಂದ ಈ ದೋಷವೂ ಬಹುಮಟ್ಟಿಗೆ ನಿವಾರಣೆಯಾಯಿತು.

ಇಷ್ಟಾದರೂ ಬಂಧನವು ಸಂಪೂರ್ಣವಾಗಿ ಹರಿಯಲಿಲ್ಲ. ತಂತಿ ಹೋದ ಸ್ಥಳಕ್ಕೆ ಕಾನೂನು ಬಂದಿತು. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಶಾಸನವು ಲೈಸೆನ್ಸ್ ಇಲ್ಲದೆ ನಿಸ್ತಂತು ಯಂತ್ರವನ್ನು ಹೊಂದಿರುವುದನ್ನೇ ನಿಷೇಧಿಸಿತ್ತು. ಅಮೆರಿಕದಲ್ಲಿ ಮೈಕುಗಳು ದೂರದರ್ಶನದ ಚಾನೆಲ್ಲುಗಳ ನಡುವಣ ಖಾಲಿ ಜಾಗದಲ್ಲಿ ಬಹುಕಾಲ ಆಶ್ರಯ ಪಡೆದಿದ್ದವು. ಮೊಬೈಲ್ ಫೋನುಗಳ ಬೇಡಿಕೆ ಬೆಳೆದಂತೆ 700 ಮೆಗಾಹರ್ಟ್ಸ್ ಪಟ್ಟಿಯಿಂದ 2010ರ ಜೂನ್ ತಿಂಗಳಲ್ಲಿಯೂ, ಹರಾಜಾದ 600ರ ಪಟ್ಟಿಯ ಬಹುಭಾಗದಿಂದ 2020ರ ಜುಲೈ ತಿಂಗಳಲ್ಲಿಯೂ ಅವನ್ನು ಹೊರಡಿಸಲಾಯಿತು. ಚೆನ್ನಾಗಿಯೇ ನುಡಿಯುತ್ತಿದ್ದ ಉಪಕರಣಗಳು, ತಮ್ಮಲ್ಲಿ ಯಾವ ದೋಷವೂ ಇಲ್ಲದೆ, ಕೇವಲ ಇರಲು ಸ್ಥಳವಿಲ್ಲದೆ ನಿರುಪಯೋಗಿಗಳಾದವು. ಅವನ್ನು ಕೊಂಡಿದ್ದ ಸಣ್ಣ ನಾಟಕತಂಡಗಳ ಮತ್ತು ದೇವಾಲಯಗಳ ನಷ್ಟವನ್ನು ನೆನೆದರೆ, ಆಕಾಶವನ್ನು ಹರಾಜಿಗಿಡುವಾಗ ಕಲೆಯ ಪಾಲನ್ನು ತೆಗೆದಿರಿಸಬೇಕೆಂಬುದು ಅತಿಯಾದ ಕೋರಿಕೆಯೆಂದು ನನಗೆ ತೋರುವುದಿಲ್ಲ.

ಕಲಾವಿದರು ಕಲಿಯಬೇಕಾದ ಶಿಸ್ತು ಇದಕ್ಕಿಂತ ಸರಳವಾದುದು. ಆದರೆ ಕಲಿಸುವವರು ವಿರಳ. ಅನೇಕ ಮಾದರಿಗಳಲ್ಲಿ ಆಂಟೆನಾ ಹಿಡಿಯ ಬುಡದಲ್ಲಿರುವುದರಿಂದ ಅಲ್ಲಿ ಮುಷ್ಟಿ ಬಿಗಿದರೆ ತರಂಗ ಕುಗ್ಗುತ್ತದೆ. ಮೇಲಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿದರೆ, ಹಿಂಬದಿಯ ಸದ್ದನ್ನು ದೂರವಿಡುವ ಅದರ ಗುಣವೇ ಕೆಟ್ಟು, ಮೈಕ್ ಸ್ಪೀಕರಿನ ದನಿಯನ್ನೇ ಮತ್ತೆ ಹೀರಿ ಕೂಗತೊಡಗುತ್ತದೆ. ಕೂಗಿದೊಡನೆ ಸಭೆಯ ದೃಷ್ಟಿಯೆಲ್ಲ ಮೈಕ್ ಸೆಟ್ಟಿನವನ ಮೇಲೆ ಹರಿಯುತ್ತದೆ. ಆವರ್ತನಗಳು ಒಂದಕ್ಕೊಂದು ತಾಗದಂತೆ ಹೊಂದಿಸಿ, ಪ್ರತಿ ಪ್ರದರ್ಶನಕ್ಕೂ ಮುಂಚೆ ಬ್ಯಾಟರಿ ಬದಲಿಸಿ, ಆಂಟೆನಾ ವೇದಿಕೆಗೆ ಕಾಣುವಂತೆ ಇರಿಸುವ ಆ ಮನುಷ್ಯನ ಎಚ್ಚರವಿಲ್ಲದೆ ಗಾಯಕನ ಸ್ವಚ್ಛಂದ ಸಂಚಾರವು ಒಂದು ನಿಮಿಷವೂ ನಡೆಯದು. ಹಾಡಿದವರಿಗೆ ಹಾರ ಹಾಕುವ ಸಭೆಯು ಅವನ ಹೆಸರನ್ನೂ ವಂದನಾರ್ಪಣೆಯಲ್ಲಿ ಹೇಳುವುದು ನ್ಯಾಯ. ಏಕೆಂದರೆ ಆ ಸಂಜೆಯ ಸಂಗೀತದಲ್ಲಿ ಅವನದೂ ಒಂದು ಪಾಲಿದೆ.