ತಿರುಗದೆ ಹಾಡುವ ಪೆಟ್ಟಿಗೆ

ಧ್ವನಿಯನ್ನು ಹಿಡಿದಿಟ್ಟು ಬೇಕೆಂದಾಗ ಮತ್ತೆ ಕೇಳುವ ವಿದ್ಯೆ ಮನುಷ್ಯನಿಗೆ ಕೈಗೂಡಿದ್ದು 1877ರಲ್ಲಿ. ಎಡಿಸನ್ನನು ತವರದ ತೆಳುಹಾಳೆ ಸುತ್ತಿದ ಉರುಳೆಯೊಂದನ್ನು ಕೈಯಿಂದ ತಿರುವುತ್ತ ಅದರ ಮುಂದೆ ಮಾತಾಡಿದ. ಮತ್ತೊಮ್ಮೆ ತಿರುವಿದಾಗ ಉರುಳೆ ಆ ಮಾತನ್ನೇ ಒಪ್ಪಿಸಿತು. ಹತ್ತು ವರ್ಷಗಳ ತರುವಾಯ ಬರ್ಲಿನರ್ ಉರುಳೆಯನ್ನು ಬಿಟ್ಟು ತಟ್ಟೆಯನ್ನು ಹಿಡಿದ. ಆಮೇಲೆ ಬಂದದ್ದೆಲ್ಲ, ಅರಗಿನ ಪ್ಲೇಟಾಗಲಿ, ಟೇಪಾಗಲಿ, ಕ್ಯಾಸೆಟ್ಟಾಗಲಿ, ಸಿ.ಡಿ.ಯಾಗಲಿ, ತಿರುಗಿಯೇ ಹಾಡಿತು. ಗಾಣ ತಿರುಗದೆ ಎಣ್ಣೆಯಿಲ್ಲ. ಹಾಗೆಯೇ ಏನಾದರೊಂದು ತಿರುಗದೆ ಹಾಡೂ ಇಲ್ಲವೆಂಬುದು ನೂರು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದ ಕಟ್ಟಳೆ.

ಆ ಕಟ್ಟಳೆ ನಮ್ಮ ಮನೆಯಲ್ಲಿ ಮುರಿದುದನ್ನು ಮೊದಲು ಗಮನಿಸಿದವರು ನನ್ನ ಸೋದರತ್ತೆ. ನಮ್ಮ ತಾಯಿ 1983ರಲ್ಲಿ ನೆರೆಮನೆಯವರ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಹಸೆಗೆ ಕರೆಯುವ ಹಾಡುಗಳನ್ನೂ ಆರತಿಯ ಹಾಡುಗಳನ್ನೂ ಹಾಡಿದ್ದರು. ಆ ಕ್ಯಾಸೆಟ್ಟನ್ನು ಅಂಕೆಗಳಿಗಿಳಿಸಿ ಮನೆಯ ಮ್ಯೂಸಿಕ್ ಸರ್ವರಿನಲ್ಲಿ ಸೇರಿಸಿಟ್ಟಿದ್ದೇನೆ. ಅತ್ತೆ ಎರಡು ಹಾಡು ಕೇಳಿ, ಕಣ್ಣೊರೆಸಿಕೊಂಡು, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನೋಡಿದರು. “ಅತ್ತಿಗೆ ಧ್ವನಿ ಅಂತೂ ಹಾಗೇ ಇದೆ ಕಣೋ. ಆದ್ರೆ ಇದ್ರೊಳಗೆ ಏನೂ ತಿರುಗ್ತಾನೇ ಇಲ್ವಲ್ಲೋ?” ಎಂದರು. ಕೀಲಿ ಕೊಟ್ಟು ಪ್ಲೇಟು ಹಾಕಿದ ಕೈ ಅದು. ಪ್ರಶ್ನೆ ಸರಿಯಾದದ್ದೇ.

ಅತ್ತೆಯ ತೌರಿನಲ್ಲಿದ್ದಂಥ ಪ್ಲೇಟುಗಳ ಕಥೆ ನಮ್ಮ ದೇಶದಲ್ಲಿ ಗೌಹರ್ ಜಾನರಿಂದ ಬಲಗೊಂಡಿತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಿಳಿದು ಆಕೆಯಿಂದ ಹಾಡಿಸಿದ. ಒಂದು ಪ್ಲೇಟಿಗೆ ಹಿಡಿಸುತ್ತಿದ್ದುದು ಹೆಚ್ಚೆಂದರೆ ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಮಡಿಸಿಡುವುದು ಸಾಮಾನ್ಯದ ವಿದ್ಯೆಯಲ್ಲ. ಆಕೆ ಅದನ್ನು ಸಾಧಿಸಿ, ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಡವೇ? ಪ್ಲೇಟಿಗೆ ಬೇಕಾದ ಅರಗೇನೋ ನಮ್ಮ ಕಾಡಿನದೇ. ಇಲ್ಲಿಯ ಅರಗೂ ಇಲ್ಲಿಯ ಕಂಠವೂ ಹಡಗು ಹತ್ತಿ ಹೋಗಿ ಪ್ಲೇಟಾಗಿ ಮರಳಿ ಬರುತ್ತಿದ್ದವು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ಪ್ಲೇಟುಗಳು ಇಂದಿಗೂ ಹಾಡುತ್ತವೆ. ವಿದ್ಯುತ್ತು ಬೇಡ, ಒಂದು ಮುಳ್ಳು, ತಿರುವುವ ಒಂದು ಕೈ, ಅಷ್ಟಿದ್ದರೆ ಸಾಕು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

1948ರ ಎಲ್.ಪಿ. ಪ್ಲೇಟು, 1963ರ ಫಿಲಿಪ್ಸ್ ಕ್ಯಾಸೆಟ್ಟು, ಇವು ಎಲ್ಲರೂ ಕಂಡವೇ. 1982ರ ಸಿ.ಡಿ. ಮಾತ್ರ ಬೇರೆಯ ಜಾತಿ. ಅದು ಧ್ವನಿಯ ಅಲೆಯನ್ನು ಕೊರೆದಿಡಲಿಲ್ಲ. ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳಾಗಿ ಬರೆದಿಟ್ಟಿತು. ಹಾಡು ಅಂಕೆಯಾಯಿತೆಂದ ಮೇಲೆ ಅದು ಸಿ.ಡಿ.ಯಲ್ಲಿಯೇ ಇರಬೇಕೆಂಬ ನಿರ್ಬಂಧವೇನು? ಕಂಪ್ಯೂಟರಿನ ಯಾವ ಉಗ್ರಾಣದಲ್ಲಾದರೂ ಇಡಬಹುದು.

ಆ ಉಗ್ರಾಣವೂ ತಿರುಗುವಂಥದೇ. ಐ.ಬಿ.ಎಂ. ಕಂಪನಿ 1956ರಲ್ಲಿ ಹೊರತಂದ ಮೊಟ್ಟಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಅದು ಹಿಡಿದದ್ದು 50 ಲಕ್ಷ ಅಕ್ಷರ. ಸಿ.ಡಿ.ಯ ಲೆಕ್ಕದಲ್ಲಿ ನೋಡಿದರೆ ಇಪ್ಪತ್ತು ಸೆಕೆಂಡಿನ ಸಂಗೀತ. ಅಷ್ಟರಲ್ಲಿ ನಮ್ಮ ವಿದ್ವಾಂಸರು ಗಂಟಲು ಸರಿಮಾಡಿಕೊಳ್ಳುವುದೂ ಮುಗಿದಿರುವುದಿಲ್ಲ! ಅದು ಕುಗ್ಗಿ ಕುಗ್ಗಿ, 2001ರ ಹೊತ್ತಿಗೆ ಐಪಾಡಿನೊಳಗೆ ಐದು ಗಿಗಾಬೈಟು ಹಿಡಿಯುವಂತಾಯಿತು. ಅದೇ ವರ್ಷ ಅಂಕೆಗಳಲ್ಲಿ ಒಂದನ್ನೂ ಬಿಡದೆ ಹಾಡನ್ನು ಸುಮಾರು ಅರ್ಧಕ್ಕೆ ಮಡಿಸುವ ಫ್ಲಾಕ್ ಎಂಬ ಕ್ರಮ ಬಂತು. ಕಂಪ್ಯೂಟರಿನಲ್ಲಿಟ್ಟ ಹಾಡನ್ನು ಮನೆಯ ತಂತಿಯ ಮೂಲಕ ಹಜಾರಕ್ಕೆ ತಂದು ನುಡಿಸುವ ಸ್ಲಿಂಪ್3 ಎಂಬ ಪೆಟ್ಟಿಗೆಯೂ ಬಂತು. ಮನೆಯ ಮ್ಯೂಸಿಕ್ ಸರ್ವರ್ ಎಂಬ ಪದಾರ್ಥ ಹುಟ್ಟಿದ್ದು ಹೆಚ್ಚುಕಡಿಮೆ ಹೀಗೆ.

ಹಾರ್ಡ್ ಡಿಸ್ಕಿನ ಮೇಲೆ ನನಗೆ ದ್ವೇಷವಿಲ್ಲ. ಅದರ ತಟ್ಟೆ ಸೆಕೆಂಡಿಗೆ 90 ಸುತ್ತು ಸುತ್ತುತ್ತದೆ. ಓದುವ ಮೊನೆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಸಾವಿರಾರು ಪಾಲು ಕಿರಿದಾದ ಅಂತರದಲ್ಲಿ ತೇಲುತ್ತದೆ. ಸೋಜಿಗದ ಕೆಲಸಗಾರಿಕೆ. ಆದರೆ ಕೇಳುವ ಕೋಣೆಯಲ್ಲಿ ಅದು ತನ್ನದೇ ಒಂದು ಶ್ರುತಿ ಹಿಡಿದು ಕುಳಿತಿರುತ್ತದೆ. ಆಲಾಪನೆ ಮುಗಿದು ತಂಬೂರಿಯೊಂದೇ ಉಳಿದಾಗ ಆ ಗುಂಯ್‌ಗುಟ್ಟುವಿಕೆ ಮುಂದೆ ಬಂದು ನಿಲ್ಲುತ್ತದೆ.

ತಿರುಗದ ಉಗ್ರಾಣದ ಬೀಜ 1967ರದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ದಾವೋನ್ ಕಾಂಗ್, ಸೈಮನ್ ಝೀ ಎಂಬಿಬ್ಬರು ವಿದ್ಯುತ್ಕಣಗಳನ್ನು ಸಿಲಿಕಾನಿನೊಳಗೆ ಸೆರೆಯಿಡುವ ಉಪಾಯ ಕಂಡರು. ನಮ್ಮ ಬಯಲುಸೀಮೆಯ ಹಗೇವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ನೆಲದೊಳಗೆ ಗುಂಡಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿದರೆ ಕಾವಲಿನ ಗೊಡವೆಯಿಲ್ಲದೆ ಧಾನ್ಯ ಉಳಿಯುವಂತೆ, ಸುತ್ತಲೂ ವಿದ್ಯುತ್ತು ಹರಿಯದ ಗೋಡೆಯಿರುವ ಗೂಡಿನೊಳಕ್ಕೆ ಕಣಗಳನ್ನು ಬಲವಂತದಿಂದ ನುಗ್ಗಿಸಿದರೆ, ಕರೆಂಟು ಹೋದರೂ ಅವು ಅಲ್ಲೇ ಇರುತ್ತವೆ. ಗೂಡು ತುಂಬಿದೆಯೇ, ಬರಿದೇ ಎಂದು ನೋಡಿದರೆ ಒಂದು ಅಂಕೆ ತಿಳಿಯಿತು. ಈಗಿನವರು ಎಷ್ಟು ತುಂಬಿದೆಯೆಂದು ಹದಿನಾರು ಮಟ್ಟಗಳಲ್ಲಿ ಅಳೆದು, ಒಂದೇ ಗೂಡಿನಿಂದ ನಾಲ್ಕು ಅಂಕೆ ಹೊರಡಿಸುತ್ತಾರೆ.

ತುಂಬುವುದೇನೋ ಆಯಿತು, ಬರಿದು ಮಾಡುವುದು? 1971ರಲ್ಲಿ ಇಂಟೆಲ್ಲಿನ ಡೋವ್ ಫ್ರೋಮನ್ ಮಾಡಿದ ಚಿಪ್ಪಿಗೆ ಸ್ಫಟಿಕದ ಕಿಟಕಿಯಿತ್ತು. ಅದರ ಮೂಲಕ ಅತಿನೇರಳೆ ಬೆಳಕು ಹಾಯಿಸಿ ಅಳಿಸಬೇಕಿತ್ತು. ಜಪಾನಿನ ತೋಷಿಬಾ ಕಂಪನಿಯ ಫುಜಿಯೋ ಮಸುವೋಕ ಒಂದು ಓಣಿಯ ಗೂಡುಗಳನ್ನೆಲ್ಲ ವಿದ್ಯುತ್ತಿನಿಂದಲೇ ಒಟ್ಟಿಗೆ ಬರಿದು ಮಾಡಿ ತೋರಿಸಿ, 1984ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ. ಕ್ಯಾಮರಾದ ಮಿಂಚಿನಂತೆ ಒಮ್ಮೆಗೇ ಅಳಿಸುತ್ತದೆಂದು ಸಹೋದ್ಯೋಗಿಯೊಬ್ಬ ಇಟ್ಟ ಹೆಸರೇ ಫ್ಲಾಶ್. 1987ರಲ್ಲಿ ಗೂಡುಗಳನ್ನು ಇನ್ನೂ ಒತ್ತೊತ್ತಾಗಿ ಪೋಣಿಸುವ ನ್ಯಾಂಡ್ ರೀತಿಯೂ ಅವನಿಂದಲೇ ಬಂತು. ನನ್ನ ಪೆಟ್ಟಿಗೆಯಲ್ಲಿರುವುದು ಅದೇ. ಅವನಿಗೆ ದೊರೆತದ್ದೇನು? 2004ರಲ್ಲಿ ತನ್ನ ಪಾಲಿಗಾಗಿ ಕಂಪನಿಯ ಮೇಲೆ ನೂರು ಕೋಟಿ ಯೆನ್ನಿನ ದಾವೆ ಹೂಡಬೇಕಾಯಿತು. 2006ರಲ್ಲಿ 8 ಕೋಟಿ 70 ಲಕ್ಷಕ್ಕೆ ರಾಜಿಯಾಯಿತು. ಜಗತ್ತಿನ ಕಿಸೆಕಿಸೆಯಲ್ಲಿ ಕುಳಿತಿರುವ ಪದಾರ್ಥಕ್ಕೆ ಇದು ಕಡಮೆಯೆಂದೇ ನನ್ನ ಮತ.

ಮನೆಯವರೆಗೆ ಬರಲು ಅದಕ್ಕೆ ಬಹಳ ಕಾಲ ಹಿಡಿಯಿತು. 1991ರಲ್ಲಿ ಇಂಥದೊಂದು ಸಾಲಿಡ್ ಸ್ಟೇಟ್ ಡ್ರೈವ್ ಸುಮಾರು ಸಾವಿರ ಡಾಲರಿಗೆ ಮಾರಾಟವಾದಾಗ ಅದರಲ್ಲಿದ್ದುದು 20 ಮೆಗಾಬೈಟು, ಸಿ.ಡಿ. ದರ್ಜೆಯಲ್ಲಿ ಎರಡು ನಿಮಿಷದ ಹಾಡಿಗೂ ಸಾಲದು. ಗೌಹರ್ ಜಾನರ ಅರಗಿನ ಪ್ಲೇಟೇ ಅದಕ್ಕಿಂತ ಮೇಲಾಗಿತ್ತು! ಈಗ ಕಿಸೆಯ ಪಂಚಾಂಗದಷ್ಟು ದೊಡ್ಡದಾದ, ಒಂದು ಟೆರಾಬೈಟಿನ ಡ್ರೈವಿನಲ್ಲಿ ಎರಡೂವರೆ ಸಾವಿರ ಸಿ.ಡಿ.ಗಳು ಫ್ಲಾಕ್ ರೂಪದಲ್ಲಿ ಹಿಡಿಸುತ್ತವೆ.

ಕೂಡಿಸುವ ಕೆಲಸ ಹೆಚ್ಚಿನದಲ್ಲ. ಅಂಗೈಯಗಲದ ಕಂಪ್ಯೂಟರಿಗೆ ಯು.ಎಸ್.ಬಿ. ತಂತಿಯಿಂದ ಡ್ರೈವನ್ನು ಜೋಡಿಸಿದೆ. ಹಳೆಯ ಹಾರ್ಡ್ ಡಿಸ್ಕಿನಿಂದ ಹಾಡುಗಳೆಲ್ಲ ಒಂದು ರಾತ್ರಿಯಲ್ಲಿ ಹೊಸ ಮನೆ ಹೊಕ್ಕವು. ಗೂಡುಗಳನ್ನು ತುಂಬಿ ಬರಿದು ಮಾಡುವುದಕ್ಕೆ ಮಿತಿಯುಂಟು, ಪ್ರತಿ ಸಲವೂ ಗೋಡೆ ಸವೆಯುತ್ತದೆ ಎಂದು ಹೆದರಿಸುವವರಿದ್ದಾರೆ. ನಿಜ; ಆದರೆ ಹಾಡನ್ನು ಬರೆಯುವುದು ಒಮ್ಮೆ, ಓದುವುದು ಸಾವಿರ ಸಲ; ಓದಿದರೆ ಸವೆಯುವುದು ನಗಣ್ಯ. ತಿರುಗದ ಡ್ರೈವಿನಿಂದ ಸಂಗೀತವೇ ಇಂಪಾಗುತ್ತದೆಂದು ಹೇಳುವವರೂ ಉಂಟು. ನಾನೊಪ್ಪೆ. ಅಂಕೆಗಳು ಅವೇ, ಹೋದದ್ದು ಕೋಣೆಯ ಸದ್ದು ಮಾತ್ರ.

ನನ್ನನ್ನು ಕಾಡುವುದು ಬೇರೊಂದು ಸಂಗತಿ. ಹಗೇವಿನ ಧಾನ್ಯಕ್ಕೂ ತೇವ ತಾಗುತ್ತದಷ್ಟೆ. ಗೂಡಿನ ಕಣಗಳು ಮೆಲ್ಲಮೆಲ್ಲಗೆ ಸೋರುತ್ತವೆ. ಸವೆಯುವಷ್ಟೂ ಸವೆದ ಮನೆಬಳಕೆಯ ಡ್ರೈವು ಕರೆಂಟಿಲ್ಲದೆ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ನೆನಪಿಟ್ಟುಕೊಂಡರೆ ಸಾಕೆಂದು ಕೈಗಾರಿಕೆಯವರ ನಿಯಮವೇ ಹೇಳುತ್ತದೆ. ಹೊಸದು ಇನ್ನೂ ಹಲವು ವರ್ಷ ತಾಳೀತು. ಆದರೂ ಬೀರುವಿನಲ್ಲಿಟ್ಟು ಮರೆಯುವ ವಸ್ತುವಲ್ಲ. ಹಾರ್ಡ್ ಡಿಸ್ಕು ಕೆಡುವ ಮುನ್ನ ಎಷ್ಟೋ ಸಲ ಕಟಕಟ ಸದ್ದಿನಿಂದ ಎಚ್ಚರಿಸುತ್ತದೆ. ಇದು ಕೆಟ್ಟರೆ ಮಾತಿಲ್ಲದೆ ಕೆಡುತ್ತದೆ. ಗೌಹರ್ ಜಾನರ ಪ್ಲೇಟು ನೂರಿಪ್ಪತ್ತು ವರ್ಷ ಅಟ್ಟದ ಮೇಲಿದ್ದೂ ಹಾಡುತ್ತದೆ. ಅಮ್ಮನ ಕ್ಯಾಸೆಟ್ಟೋ, ಅಂಕೆಗಿಳಿಸುವಾಗಲೇ ಅದರ ಟೇಪು ಪುಡಿಯುದುರಿಸುತ್ತಿತ್ತು. ಇನ್ನೊಮ್ಮೆ ಹಾಕುವ ಧೈರ್ಯ ನನಗಿಲ್ಲ.

ಆದ್ದರಿಂದ ಹಳೆಯ ಹಾರ್ಡ್ ಡಿಸ್ಕನ್ನು ನಾನು ಗುಜರಿಗೆ ಹಾಕಿಲ್ಲ. ಅದರಲ್ಲೊಂದು ಪ್ರತಿ, ಊರಿನಲ್ಲಿರುವ ತಂಗಿಯ ಮನೆಯಲ್ಲಿ ಇನ್ನೊಂದು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಕುಂಕುಮವಿಟ್ಟ ಮೇಲೆ ಡಿಸ್ಕನ್ನು ಜೋಡಿಸಿ, ಒಂದೊಂದು ಹಾಡಿನ ಅಂಕೆಯನ್ನೂ ಪೆಟ್ಟಿಗೆಯದರೊಡನೆ ತಾಳೆ ನೋಡಿಸುತ್ತೇನೆ. ಮುಗಿಯಲು ಮೂರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಡಿಸ್ಕು ಗುಂಯ್‌ಗುಡುತ್ತ ತಿರುಗುತ್ತಿರುತ್ತದೆ.