ಸ್ವಂತ ದುಡಿಮೆಯೂ ಸರ್ಕಾರದ ನೆರವೂ: ಅಮೆರಿಕದ ವಿಕಲಚೇತನರ ಸೌಲಭ್ಯ ನಿಯಮಗಳ ಇತಿಹಾಸ

ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯ್ದೆಯು ಬಡ ಅಂಧರಿಗೆ ರಾಜ್ಯಗಳ ಮೂಲಕ ಧನಸಹಾಯ ಕೊಡಿಸಿತು. ಮರುವರ್ಷದ ರ‍್ಯಾಂಡಾಲ್ಫ್–ಶೆಪರ್ಡ್ ಕಾಯ್ದೆಯು ಒಕ್ಕೂಟ ಸರ್ಕಾರದ ಕಟ್ಟಡಗಳಲ್ಲಿ ಪತ್ರಿಕೆ, ಮಿಠಾಯಿ, ತಂಬಾಕು ಮಾರುವ ಮಳಿಗೆಗಳನ್ನು ನಡೆಸಲು ಅಂಧರಿಗೆ ಅವಕಾಶ ನೀಡಿತು. ಈ ಎರಡು ಕಾಯ್ದೆಗಳ ಆಶಯಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಧನಸಹಾಯವು ಕೊರತೆಯನ್ನಷ್ಟೇ ತುಂಬುವಂಥದ್ದಾದ್ದರಿಂದ, ದುಡಿದು ಗಳಿಸಿದ್ದು ನೆರವಿನಲ್ಲಿ ಕಡಿತವಾಗುತ್ತಿತ್ತು. 1950ರ ತಿದ್ದುಪಡಿಯು ಅಂಧರ ಗಳಿಕೆಯಲ್ಲಿ ತಿಂಗಳಿಗೆ 50 ಡಾಲರನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ವಿಧಿಸಿ, ದುಡಿಮೆಗೆ ದಂಡ ತೆರಬೇಕಾದ ಈ ಸ್ಥಿತಿಯನ್ನು ಮೊದಲ ಬಾರಿಗೆ ಸಡಿಲಿಸಿತು.

1956ರಲ್ಲಿ ಅಂಗೀಕಾರಗೊಂಡ ಅಂಗವೈಕಲ್ಯ ವಿಮೆಯು, ದುಡಿಯುತ್ತಿದ್ದಾಗ ವಂತಿಗೆ ಕಟ್ಟಿದ್ದವರ ಪೈಕಿ 50 ವರ್ಷ ದಾಟಿದವರಿಗೆ ಮಾಸಾಶನ ಒದಗಿಸಿತು. ‘ಗಣನೀಯ ಲಾಭದಾಯಕ ಚಟುವಟಿಕೆ’ ನಡೆಸಲಾಗದವರು, ಅಂದರೆ ಜೀವನೋಪಾಯಕ್ಕೆ ಸಾಲುವಷ್ಟು ದುಡಿಯಲಾಗದವರು ಮಾತ್ರ ಇದಕ್ಕೆ ಅರ್ಹರು. ನೌಕರರ ವಿಷಯದಲ್ಲಿ ಸಂಬಳವೇ ಇದರ ಅಳತೆಯಾಯಿತು. ಆದರೆ ಅಂಗಡಿಯವನು ವರ್ಷವಿಡೀ ದುಡಿದೂ ನಷ್ಟ ಅನುಭವಿಸಬಹುದು. ಹಾಸಿಗೆ ಹಿಡಿದವನಿಗೂ ಹೆಂಡತಿ, ಮಕ್ಕಳ ಶ್ರಮದಿಂದ ಲಾಭ ಬರಬಹುದು. ಆದ್ದರಿಂದ ಸ್ವಉದ್ಯೋಗಿಗಳಿಗಾಗಿ ಮೂರು ಪರೀಕ್ಷೆಗಳು ರೂಪುಗೊಂಡವು: ವ್ಯವಹಾರಕ್ಕೆ ಮಹತ್ವದ ಸೇವೆ ಸಲ್ಲಿಸಿ ಸಾಕಷ್ಟು ಆದಾಯ ಪಡೆಯುತ್ತಿದ್ದಾರೆಯೇ, ಅದೇ ಊರಿನಲ್ಲಿ ಅದೇ ಕಸುಬಿನಲ್ಲಿರುವ ಆರೋಗ್ಯವಂತರಿಗೆ ಸಮನಾಗಿ ದುಡಿಯುತ್ತಿದ್ದಾರೆಯೇ, ಇಲ್ಲವಾದರೆ, ಅವರ ಕೆಲಸಕ್ಕೆ ಬೆಲೆ ಕಟ್ಟಿದರೆ ಅದು ನಿಗದಿತ ಮಿತಿಯನ್ನು ಮೀರುತ್ತದೆಯೇ. ಮನೆಯವರು ಕೂಲಿಯಿಲ್ಲದೆ ಮಾಡಿದ ಕೆಲಸದ ಬೆಲೆಯನ್ನೂ ಇತರರು ಉಚಿತವಾಗಿ ಒದಗಿಸಿದ ಸಲಕರಣೆಗಳ ವೆಚ್ಚವನ್ನೂ ನಿವ್ವಳ ಆದಾಯದಿಂದ ಕಳೆಯುವ ಪದ್ಧತಿ ಬಂದದ್ದೂ ವ್ಯಕ್ತಿಯ ಸ್ವಂತ ಶಕ್ತಿಯನ್ನು ಬೇರ್ಪಡಿಸಿ ಅಳೆಯಬೇಕೆಂಬ ನ್ಯಾಯದೃಷ್ಟಿಯಿಂದಲೇ.

ಅಳತೆಯಷ್ಟೇ ಮುಖ್ಯವಾದದ್ದು ಕಾಲಾವಕಾಶ, ಏಕೆಂದರೆ ವ್ಯಾಪಾರ ನೆಲೆಯೂರಲು ಸಮಯ ಬೇಕು. 1960ರ ತಿದ್ದುಪಡಿಯು ವಯಸ್ಸಿನ ಕಟ್ಟಳೆಯನ್ನು ತೆಗೆದುಹಾಕಿ, ಮಾಸಾಶನ ಕಳೆದುಕೊಳ್ಳದೆ 9 ತಿಂಗಳು ದುಡಿದು ನೋಡುವ ‘ಪ್ರಾಯೋಗಿಕ ದುಡಿಮೆಯ ಅವಧಿ’ಯನ್ನು ಒದಗಿಸಿತು. ಈಗಿನ ನಿಯಮದಂತೆ ಸ್ವಉದ್ಯೋಗಿಯು 80 ಗಂಟೆಗೂ ಹೆಚ್ಚು ಕಾಲ ವ್ಯವಹಾರದಲ್ಲಿ ತೊಡಗಿದ ತಿಂಗಳು, ಲಾಭ ಬರದಿದ್ದರೂ, ಈ ಅವಧಿಗೆ ಸೇರುತ್ತದೆ. 1972ರಲ್ಲಿ ಅಂಗೀಕಾರಗೊಂಡು 1974ರಲ್ಲಿ ಆರಂಭವಾದ ಪೂರಕ ಭದ್ರತಾ ಆದಾಯ ಯೋಜನೆಯು ಬಡವರಿಗಾಗಿ ಬೇರೆ ದಾರಿ ಹಿಡಿಯಿತು. ಅದು ಗಳಿಕೆಯ ಮೊದಲ 65 ಡಾಲರನ್ನೂ ಉಳಿದದ್ದರ ಅರ್ಧವನ್ನೂ ಲೆಕ್ಕದಿಂದ ಬಿಟ್ಟಿತು. ಅನುಮೋದಿತ ‘ಸ್ವಾವಲಂಬನಾ ಯೋಜನೆ’ಯಡಿ ಉದ್ಯಮಕ್ಕೆಂದು ತೆಗೆದಿರಿಸಿದ ಹಣದಿಂದ ನೆರವಿಗೆ ಕುಂದು ಬಾರದಂತೆಯೂ ನೋಡಿಕೊಂಡಿತು.

ಮುಂದೆ ವಿಮೆಯಲ್ಲಿ, ಪ್ರಾಯೋಗಿಕ ಅವಧಿ ಮುಗಿದ ಮೇಲೂ ಅರ್ಹತೆಯನ್ನು ಕಾಯ್ದಿಡುವ ಅವಧಿ 1980ರಲ್ಲಿ 15 ತಿಂಗಳೆಂದು ನಿಗದಿಯಾಗಿ, 1987ರ ಕಾನೂನಿನಿಂದ 36 ತಿಂಗಳಿಗೆ ಏರಿತು; ದುಡಿಮೆಯಿಂದಾಗಿ ಮಾಸಾಶನ ನಿಂತವರು 5 ವರ್ಷದೊಳಗೆ ಹೊಸ ಅರ್ಜಿಯಿಲ್ಲದೆ ಮರಳಿ ಕೋರುವ ಹಕ್ಕನ್ನು 1999ರ ಕಾಯ್ದೆ ನೀಡಿತು. ಹೀಗಿದ್ದೂ ವಿಮೆಯ ಮಾಸಾಶನವು ಗಳಿಕೆ ಮಿತಿ ದಾಟಿದಾಗ ಹಂತಹಂತವಾಗಿ ಇಳಿಯದೆ ಒಮ್ಮೆಗೇ ನಿಲ್ಲುತ್ತದೆ. ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವ ಸ್ವಂತ ಕಸುಬಿನವರಿಗೆ ಇದು ನೌಕರರಿಗಿಂತ ಹೆಚ್ಚು ಕಠಿಣ. ಎಲ್ಲ ಉದ್ಯಮಿಗಳಿಗೂ ಸಹಜವಾದ ಸೋಲಿನ ಅಪಾಯವನ್ನು ಎದುರಿಸುವ ಧೈರ್ಯ ವಿಕಲಚೇತನರಿಗೂ ಒದಗಬೇಕಾದರೆ, ನೆರವು ಗಳಿಕೆಯೊಡನೆ ಮೆಲ್ಲಗೆ ಇಳಿಯಬೇಕು ಮತ್ತು ಗಳಿಕೆ ಕುಸಿದೊಡನೆ ಮರಳಿ ಸಿಗಬೇಕು.